ಬಗ್ಗಿ ಕೇಳುವ ಪೆಟ್ಟಿಗೆ

ದಾವಣಗೆರೆಯ ಮಾಜಿ ಕಾರ್ಪೊರೇಟರ್ ಕೊಟ್ರಬಸಪ್ಪನವರಿಗೆ ಇಳಿವಯಸ್ಸಿನಲ್ಲಿ ಎಲೆಕ್ಟ್ರಿಕ್ ಗಿಟಾರ್ ಕಲಿಯುವ ಹುಚ್ಚು ಹಿಡಿಯಿತು. ನೇರ ವಾದ್ಯದಂಗಡಿಗೆ ಬಂದರು.

"ಅಂಗಡೀಲಿರೋ ದೊಡ್ಡ ಆಂಪ್ಲಿಫೈಯರ್ ಕೊಡು. ನನ್ನ ಅಂತಸ್ತಿಗೆ ತಕ್ಕಂಗಿರಬೇಕು."

ಅಂಗಡಿಯ ಗುಮಾಸ್ತ ಮೂಲೆಯಲ್ಲಿದ್ದ ಆಳೆತ್ತರದ ಪೆಟ್ಟಿಗೆಯತ್ತ ನೋಡಿದ. ಅವನ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಆದರೂ ತಣ್ಣಗೆ, ಹೊಸದಾಗಿ ಕಲಿಯುವವರು ಒಯ್ಯುವ ಅಗ್ಗದ ಪುಟ್ಟ ಪೆಟ್ಟಿಗೆಯೊಂದನ್ನು ತಂದು ನೆಲದ ಮೇಲಿಟ್ಟ.

"ಏನೋ ಇದು, ಟಿಫನ್ ಡಬ್ಬಿ ಇದ್ದಂಗಿದೆ?"

"ದೊಡ್ಡದಾದ್ರೆ ಜನ ಬೀದೀಲಿ ನಿಂತೇ ಕೇಳಿ ಹೋಗ್ತಾರೆ, ಯಜಮಾನ್ರೇ. ಇದನ್ನ ಕೇಳಬೇಕಂದ್ರೆ ಒಳಗೆ ಬಂದು ನಿಮ್ಮ ಕಾಲ ಹತ್ರ ಬಗ್ಗಲೇಬೇಕು."

ಚುನಾವಣೆ ಸೋತಾಗಿನಿಂದ ಅವರ ಮುಂದೆ ಯಾರೂ ಬಗ್ಗಿರಲಿಲ್ಲ. ಕೊಟ್ರಬಸಪ್ಪನವರ ಮುಖ ಅರಳಿತು. ಪೆಟ್ಟಿಗೆಯನ್ನು ತಾವೇ ಎತ್ತಿಕೊಂಡು ಹೋದರು.

ಗುಮಾಸ್ತ ಓಣಿಯವರ ಕಿವಿಗೆ ಒಂದು ಮಾತು ಹಾಕಿದ. ಅಂದಿನಿಂದ ಸಂಜೆಯಾದರೆ ಒಬ್ಬೊಬ್ಬರೇ ಹೋಗಿ, ಬಗ್ಗಿ, ಪೆಟ್ಟಿಗೆಗೆ ಕಿವಿಯಿಟ್ಟು, ಸದ್ದಿನ ಗುಂಡಿಯನ್ನು ಚೂರು ತಗ್ಗಿಸಿ ಎದ್ದು ಬರತೊಡಗಿದರು. ಕೊನೆಗೆ ಪೆಟ್ಟಿಗೆ ಪೂರ್ತಿ ಮೂಕವಾಯಿತು.

ಒಂದು ಸಂಜೆ ಗುಮಾಸ್ತನೂ ಹೋಗಿ, ಸದ್ದು ನಿಜಕ್ಕೂ ನಿಂತಿದೆಯೇ ಎಂದು ಓಣಿಯವರಂತೆಯೇ ನೆಲಕ್ಕೆ ಉದ್ದಕ್ಕೆ ಮಲಗಿ ಪೆಟ್ಟಿಗೆಗೆ ಕಿವಿಯಿಟ್ಟ. ಕೊಟ್ರಬಸಪ್ಪನವರು ಕಣ್ಣು ಮುಚ್ಚಿ ತಂತಿ ಮೀಟುತ್ತಿದ್ದರು.

"ನನ್ನ ಕೈ ಪಳಗಿದೆ ಕಣಯ್ಯಾ," ಎಂದರು. "ಮೊದಲು ಜನ ಸೊಂಟ ಬಗ್ಗಿಸ್ತಿದ್ರು. ಈಗ ಉದ್ದಕ್ಕೆ ಅಡ್ಡಬೀಳ್ತಾರೆ."