ಆನೆರಾಯ ಕುಡಿದ ಕೆರೆ

ಈ ಒಗಟು ಬಿಡಿಸಿ ನೋಡೋಣ. ಬೆಳಗ್ಗೆ ಹುಟ್ಟಿದ ಕೆರೆ ಮಧ್ಯಾಹ್ನಕ್ಕೆ ಸತ್ತಿತು. ತೋಡಿದವರಿಗೆ ಅದರ ಒಂದು ಹನಿಯೂ ಸಿಗಲಿಲ್ಲ. ಕುಡಿದವನಿಗೆ ಬಾಯಾರಿಕೆಯೇ ಇರಲಿಲ್ಲ. ಏನದು?

ಗೊತ್ತಾಗಲಿಲ್ಲ ತಾನೆ? ತಲೆ ಕೆರೆದುಕೊಂಡು ಇರುವ ನಾಲ್ಕು ಕೂದಲನ್ನೂ ಉದುರಿಸಿಕೊಳ್ಳಬೇಡಿ. ಇದು ಯೋಚಿಸಿದರೆ ಹೊಳೆಯುವ ಒಗಟಲ್ಲ. ಕಥೆ ಕೇಳಿದವರಿಗೆ ಮಾತ್ರ ತಿಳಿಯುತ್ತದೆ.

ಒಂದು ಕಾಡಿತ್ತು. ಅದನ್ನು ಕಾಡು ಅಂದರೆ ಬೇರೆ ಕಾಡುಗಳು ನಗುತ್ತಿದ್ದವು. ಜಾಲಿ, ಕಾರೆ, ಕತ್ತಾಳೆ ಬಿಟ್ಟರೆ ಬರೀ ಬಂಡೆ. ನೆರಳು ಬೇಕಾದರೆ ಮೊಲ ಮುಳ್ಳುಹಂದಿಯ ಹಿಂದೆ ಕೂರಬೇಕು. ಮುಳ್ಳುಹಂದಿಗೆ ನೆರಳು ಬೇಕಾದರೆ ಸುಮ್ಮನೆ ಕಣ್ಣು ಮುಚ್ಚಿಕೊಳ್ಳಬೇಕು. ಅದಕ್ಕೇ ಅದಕ್ಕೆ ಒಣಗಾಡು ಅಂತ ಹೆಸರು.

ಒಣಗಾಡಿನ ನಡುವೆ ಒಂದು ಹಳ್ಳವಿತ್ತು. ಮಳೆಗಾಲದಲ್ಲಿ ನಾಲ್ಕು ದಿನ ಹರಿದರೆ ಅದೇ ದೊಡ್ಡದು. ಉಳಿದ ದಿನ ಬರೀ ಮರಳು. ಆದರೆ ಮರಳಿನ ಅಡಿಯಲ್ಲಿ ಒರತೆಯಿತ್ತು. ಆಳಕ್ಕೆ ತೋಡಿದರೆ ನಾಲ್ಕೂ ಬದಿಯಿಂದ ನೀರು ಮೆಲ್ಲಗೆ ಜಿನುಗಿ ಗುಂಡಿಯಲ್ಲಿ ನಿಲ್ಲುತ್ತಿತ್ತು. ಒರತೆಗೆ ಇದ್ದದ್ದು ಒಂದೇ ಹಟ. ದಿನವೂ ಅದರ ಮರಳು ತೆಗೆಯಬೇಕು. ನಾಲ್ಕು ದಿನ ಬಿಟ್ಟರೆ ಮುನಿಸಿಕೊಂಡು ಮುಚ್ಚಿಕೊಳ್ಳುತ್ತಿತ್ತು.

ಮೇಲಿನ ಮರಳನ್ನು ಮೊಲಗಳು ಕೆದರುತ್ತಿದ್ದವು. ನಡುವಿನದನ್ನು ಮುಳ್ಳಜ್ಜ ಎಂಬ ಮುದಿ ಮುಳ್ಳುಹಂದಿ ಎಳೆದು ಹಾಕುತ್ತಿದ್ದ. ತಳಕ್ಕೆ ಇಳಿಯುವವಳು ಮಾತ್ರ ಚಿಪ್ಪಕ್ಕ. ಅವಳು ಚಿಪ್ಪುಹಂದಿ. ಮುಂಗಾಲಿನಲ್ಲಿ ಕುಡುಗೋಲಿನಂಥ ಉಗುರು, ಮೈತುಂಬ ಚಿಪ್ಪು. ಒರತೆಯ ಕಣ್ಣು ಎಲ್ಲಿದೆ ಅಂತ ಮೂಗಿನಿಂದಲೇ ಹೇಳುತ್ತಿದ್ದಳು. ಅವಳ ತಾಯಿಯೂ ಹಾಗೇ, ತಾಯಿಯ ತಾಯಿಯೂ ಹಾಗೇ. ನೀರು ಕಡಿಮೆ ಇತ್ತು, ನಿಜ. ಆದರೆ ಬಾಯಾರಿ ಸತ್ತವರು ಒಬ್ಬರೂ ಇರಲಿಲ್ಲ.

ಏಳು ಗುಡ್ಡದಾಚೆ ದಟ್ಟಗಾಡು ಇತ್ತು. ಅಲ್ಲಿ ನೀರು ಕೇಳದೆಯೇ ಮೈಮೇಲೆ ಬೀಳುತ್ತಿತ್ತು. ಅಲ್ಲಿಯ ದೊರೆ ಆನೆರಾಯ. ಕೆಟ್ಟವನಲ್ಲ. ಒಂದು ದಿನ ಹೊಟ್ಟೆ ತುಂಬ ತಿಂದು, ಕಿವಿ ಬೀಸಿಕೊಂಡು ನಿಂತಿದ್ದಾಗ ಅವನಿಗೆ ಕನಿಕರ ಬಂತು. ಸಭೆ ಕರೆದು ಹೇಳಿದ.

"ನಾವು ನೂರು ಅಂಡೆ ನೀರು ತುಂಬಿಕೊಂಡರೆ ಒಂದು ಅಂಡೆ ಒಣಗಾಡಿಗೆ ಹೋಗಲಿ."

ಎಲ್ಲರೂ ಹೌದು ಹೌದು ಅಂದರು. ಕಳಿಸುವ ಕೆಲಸ ಪುನುಗಪ್ಪನಿಗೆ ಬಿತ್ತು. ಪುನುಗಪ್ಪ ಪುನುಗು ಬೆಕ್ಕು. ಅವನು ಬರುವ ಮೊದಲು ಅವನ ಪರಿಮಳ ಬರುತ್ತಿತ್ತು. ಮಾತು ಇನ್ನೂ ಘಮಘಮ.

ಅವನು ಬಂದ ದಿನ ಚಿಪ್ಪಕ್ಕ ಒರತೆಯ ತಳದಲ್ಲಿದ್ದಳು. ತಲೆ ಎತ್ತಿ ನೋಡಿದರೆ ದಂಡೆಯ ಮೇಲೆ ಕರಿಮೂತಿಯ ಕೋತಿಗಳ, ಮುಸುವಗಳ ಸಾಲು. ಒಂದೊಂದರ ಹೆಗಲ ಮೇಲೂ ನೀರು ತುಂಬಿದ ಬಿದಿರಂಡೆ.

"ಅಯ್ಯೋ, ಏನವ್ವಾ ಈ ಅವತಾರ!" ಅಂದ ಪುನುಗಪ್ಪ. "ಮಣ್ಣಲ್ಲಿ ಹೊರಳಾಡಿ ನೀರು ಕುಡಿಯುವ ಕಾಲ ಮುಗಿಯಿತು. ಇನ್ನು ಮೇಲೆ ಎಲ್ಲಾ ನಾವೇ ಕೊಡುತ್ತೇವೆ."

"ಪುಕ್ಕಟೆಯೇ?" ಅಂತ ಮುಳ್ಳಜ್ಜ ಕೇಳಿದ.

"ಪೂರಾ ಪುಕ್ಕಟೆ. ಒಂದೇ ಒಂದು ನಿಯಮ. ಈ ಒರತೆ ಮುಚ್ಚಬೇಕು."

"ಯಾಕೆ?" ಅಂದಳು ಚಿಪ್ಪಕ್ಕ.

"ನಮ್ಮ ನೀರಿನ ಜೊತೆ ಈ ಕೆಸರನ್ನೂ ಕುಡಿದು ನಿಮಗೆ ಬೇನೆ ಬಂದರೆ ಕೆಟ್ಟ ಹೆಸರು ಯಾರಿಗೆ? ಇದು ಆನೆರಾಯರ ಮಾತು ತಾಯಿ. ನನ್ನದಲ್ಲ."

ಅಂಡೆಯ ನೀರು ತಣ್ಣಗಿತ್ತು. ಮೊಲಗಳು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದವು. ಸಾಯಂಕಾಲದೊಳಗೆ ಒರತೆ ಮುಚ್ಚಿದರು. ಚಿಪ್ಪಕ್ಕನೂ ಒಂದು ಬೊಗಸೆ ಮರಳು ಹಾಕಿದಳು. ಯಾಕೆ ಹಾಕಿದೆ ಅಂತ ಆಮೇಲೆ ತನ್ನನ್ನೇ ಎಷ್ಟೋ ಸಲ ಕೇಳಿಕೊಂಡಳು.

ಮೊದಲ ಬೇಸಿಗೆ ಚೆನ್ನಾಗಿಯೇ ಕಳೆಯಿತು. ಎರಡನೆಯ ಬೇಸಿಗೆಗೆ ಅಂಡೆಗಳು ಮುಕ್ಕಾಲು ತುಂಬಿ ಬಂದವು. ದಾರಿಯಲ್ಲಿ ಮುಸುವಗಳಿಗೆ ಬಾಯಾರುತ್ತದಂತೆ. ಮುಸುವಗಳನ್ನು ನೋಡಿಕೊಳ್ಳುವ ಪುನುಗಪ್ಪನ ಭಾವನಿಗೂ ಬಾಯಾರುತ್ತದಂತೆ. ಭಾವ ಸರಿಯಾಗಿ ನೋಡಿಕೊಳ್ಳುತ್ತಾನೋ ಇಲ್ಲವೋ ಅಂತ ನೋಡುವ ಅಳಿಯನಿಗೆ ಸ್ನಾನವೂ ಬೇಕಂತೆ. ಮೂರನೆಯ ಬೇಸಿಗೆಗೆ ಅಂಡೆಗಳು ಅರ್ಧವಾದವು. ನೀರು ಕೊಡುವ ಮೊದಲು ಎಲ್ಲರೂ ಸಾಲಾಗಿ ನಿಂತು "ದಟ್ಟಗಾಡು ಬಾಳಲಿ" ಅಂತ ಮೂರು ಸಲ ಕೂಗಬೇಕಿತ್ತು. ಕೂಗಿ ಕೂಗಿ ಬಾಯಾರಿಕೆ ಇನ್ನಷ್ಟು ಹೆಚ್ಚುತ್ತಿತ್ತು.

ಅಷ್ಟರಲ್ಲಿ ಚಿಪ್ಪಕ್ಕನಿಗೆ ಒಂದು ಹೆಣ್ಣುಮರಿ ಹುಟ್ಟಿತ್ತು. ಚಿಪ್ಪುಹಂದಿಯ ಮರಿ ನಡೆಯುವುದಿಲ್ಲ, ತಾಯಿಯ ಬಾಲದ ಮೇಲೆ ಅವುಚಿಕೊಂಡು ಸವಾರಿ ಮಾಡುತ್ತದೆ. ಚಿಪ್ಪಕ್ಕನಿಗೆ ಹಿಂದೆ ತಿರುಗಿ ನೋಡಬೇಕಾದ ಕೆಲಸವಿರಲಿಲ್ಲ. ಬಾಲದ ಮೇಲಿನ ಹಿಡಿತ ಬಿಗಿಯಾಗಿದ್ದರೆ ಮರಿ ಚೆನ್ನಾಗಿದೆ ಅಂತ ಅರ್ಥ. ಆ ಬೇಸಿಗೆ ಹಿಡಿತ ದಿನದಿನಕ್ಕೂ ಸಡಿಲವಾಗುತ್ತಿತ್ತು.

ಒಂದು ದಿನ ತಡೆಯಲಾರದೆ ಅವಳು ಹಳ್ಳಕ್ಕೆ ಹೋಗಿ ಮರಳು ಕೆದರಿದಳು. ಮೊಲಗಳೇ ಓಡಿಬಂದು ಅಡ್ಡ ನಿಂತವು.

"ಬೇಡ ಅಕ್ಕಾ, ಕೈ ಮುಗಿಯುತ್ತೇವೆ. ಮುಸುವಗಳು ನೋಡಿದರೆ ನಮಗೂ ನೀರು ನಿಲ್ಲಿಸುತ್ತವೆ."

"ಬನ್ನಿ, ಎಲ್ಲರೂ ಸೇರಿ ತೋಡೋಣ. ನೀವು ಮೇಲಿನ ಮರಳು ತೆಗೆಯಿರಿ."

ಮರಿಮೊಲಗಳು ಒಂದರ ಮುಖ ಒಂದು ನೋಡಿದವು. "ಮರಳು ತೆಗೆಯುವುದು ಹೇಗೆ?" ಅಂದವು. ಅವು ಹುಟ್ಟಿದಂದಿನಿಂದ ನೀರು ಬಿದಿರಿನಲ್ಲೇ ಹುಟ್ಟುತ್ತದೆ ಅಂದುಕೊಂಡಿದ್ದವು. ಚಿಪ್ಪಕ್ಕ ವಾಪಸು ಬಂದಳು.

ಆ ವಾರವೇ ಪುನುಗಪ್ಪ ಏದುಸಿರು ಬಿಡುತ್ತಾ ಬಂದ. ಆನೆರಾಯರು ಒಣಗಾಡು ನೋಡಲು ಬರುತ್ತಾರಂತೆ! ಅವನು ಅಲ್ಲಿ ಏನು ಹೇಳಿದ್ದನೋ ಏನೋ, ಇಲ್ಲಿ ಒಂದು ಕೆರೆ ಇರಲೇಬೇಕಾಗಿತ್ತು.

"ದಂಡೆಯಲ್ಲಿ ದೊಡ್ಡ ಗುಂಡಿ ತೋಡಿ. ಒಳಗೆ ಜೇಡಿಮಣ್ಣು ಮೆತ್ತಿ. ನಾಲ್ಕು ದಿನದ ನೀರು ಯಾರಿಗೂ ಕೊಡುವುದಿಲ್ಲ. ಎಲ್ಲಾ ಕೂಡಿಟ್ಟು ಅದಕ್ಕೇ ಸುರಿಯುವುದು."

"ನಾಲ್ಕು ದಿನ ನಾವೇನು ಕುಡಿಯೋಣ?" ಅಂತ ಮುಳ್ಳಜ್ಜ ಕೇಳಿದ.

"ತಡೆದುಕೊಳ್ಳಿ ಅಜ್ಜಾ. ಆನೆರಾಯರು ನೋಡಿಹೋದ ಮೇಲೆ ಕೆರೆ ಪೂರ್ತಿ ನಿಮ್ಮದೇ. ಈಜಾಡಿ ಬೇಕಾದರೆ."

"ನನಗೆ ಈಜು ಬರುವುದಿಲ್ಲ."

"ಬರುವುದಿಲ್ಲವೇ? ಬಿಡಿ, ಈಜು ಕಲಿಸುವವರನ್ನೂ ದಟ್ಟಗಾಡಿನಿಂದಲೇ ಕಳಿಸೋಣ."

ಅಳಿದುಳಿದ ಶಕ್ತಿಯಲ್ಲಿ ಒಣಗಾಡಿನವರು ಗುಂಡಿ ತೋಡಿದರು. ಆನೆರಾಯ ಬರುವ ದಿನ ಬೆಳಗ್ಗೆ ಅಂಡೆಗಳನ್ನೆಲ್ಲ ಅದಕ್ಕೆ ಬೋರಲು ಹಾಕಿದರು. ಸೂರ್ಯ ಅದರಲ್ಲಿ ಮುಖ ನೋಡಿಕೊಂಡ. ಚಿಪ್ಪಕ್ಕ ಬಾಲವನ್ನು ಎಳೆದುಕೊಂಡು ಪುನುಗಪ್ಪನ ಹತ್ತಿರ ಹೋದಳು. ಮರಿ ಅಳುತ್ತಲೂ ಇರಲಿಲ್ಲ.

"ಅಪ್ಪಾ, ಒಂದು ಗುಟುಕು. ನನಗಲ್ಲ, ಇವಳಿಗೆ."

"ಒಂದು ಗುಟುಕು ತೆಗೆದರೆ ಅಂಚಿನ ಜೇಡಿಮಣ್ಣು ಕಾಣುತ್ತದೆ ತಾಯಿ. ಮಧ್ಯಾಹ್ನದವರೆಗೆ ತಾನೆ? ನಗುನಗುತ್ತಾ ನಿಲ್ಲು."

ಚಿಪ್ಪಕ್ಕ ನಿಂತಳು. ನಗಲಿಲ್ಲ.

ಮಧ್ಯಾಹ್ನ ನೆಲ ನಡುಗಿತು. ಆನೆರಾಯ ಬಂದ. ಅವನು ನಿಲ್ಲಲೆಂದು ಪುನುಗಪ್ಪ ಹಳ್ಳದ ಮರಳಿನ ಮೇಲೆ ತಂಗಡಿ ಸೊಪ್ಪು ಹಾಸಿಸಿದ್ದ. ಆನೆರಾಯ ಅದರ ಮೇಲೆ ನಿಂತು ಕೆರೆ ನೋಡಿದ. ಸಾಲಾಗಿ ನಿಂತವರನ್ನು ನೋಡಿದ. ಅವನ ಕಣ್ಣು ತುಂಬಿ ಬಂತು.

"ದೂರದವರು ಅಂತ ನಾವು ನಿಮ್ಮನ್ನು ಮರೆತಿಲ್ಲ," ಅಂದ. ಇನ್ನೂ ಏನೇನೋ ಅಂದ. ಮಾತು ಉದ್ದವಿತ್ತು, ಬಿಸಿಲು ಅದಕ್ಕಿಂತ ಉದ್ದವಿತ್ತು.

ಈಗ ಒಣಗಾಡಿನ ಒಂದು ಪದ್ಧತಿ ಹೇಳಬೇಕು. ಅಲ್ಲಿ ನೆಂಟರು ಬಂದರೆ ಮೊದಲ ನೀರು ನೆಂಟರಿಗೆ. ಅವರು ಕುಡಿಯುವಾಗ ಮನೆಯವರು ಬೆನ್ನು ತಿರುಗಿಸಿ ನಿಲ್ಲಬೇಕು. ಎಷ್ಟು ಕುಡಿದರು ಅಂತ ನೋಡುವುದು ದೊಡ್ಡ ಅವಮಾನ. ನೀರಿಲ್ಲದ ಊರಿನ ಮರ್ಯಾದೆ ಅದು. ನೀರಿರುವವರಿಗೆ ಅರ್ಥವಾಗುವುದಿಲ್ಲ.

ಮುಳ್ಳಜ್ಜ ಮುಂದೆ ಬಂದು ತಲೆ ಬಾಗಿಸಿದ. "ದಣಿದು ಬಂದಿದ್ದೀರಿ ದೊರೆ. ನೀರು ಕುಡಿಯಿರಿ."

ಪುನುಗಪ್ಪನ ಮೀಸೆ ನೆಟ್ಟಗಾಯಿತು. ಆದರೆ ಏನು ಮಾಡುತ್ತಾನೆ? ಒಣಗಾಡಿನವರು ಕೊಟ್ಟದ್ದನ್ನು ಬೇಡ ಅಂದರೆ ನೊಂದುಕೊಳ್ಳುತ್ತಾರೆ ಅಂತ ದಾರಿಯುದ್ದಕ್ಕೂ ಆನೆರಾಯನಿಗೆ ಹೇಳಿಕೊಟ್ಟವನು ಅವನೇ. ಕೊಟ್ಟರೆ ಎರಡು ಹಣ್ಣು ಕೊಟ್ಟಾರು ಅಂದುಕೊಂಡಿದ್ದ.

ಒಣಗಾಡಿನವರೆಲ್ಲ ಬೆನ್ನು ತಿರುಗಿಸಿದರು. ಆನೆರಾಯನಿಗೆ ಬಾಯಾರಿರಲಿಲ್ಲ. ಮರ್ಯಾದೆಗೆ ಅಂತ ಸೊಂಡಿಲು ಇಳಿಸಿದ.

ಸೊರ್‍ರ್.

ಚಿಪ್ಪಕ್ಕ ಕಣ್ಣು ಮುಚ್ಚಿಕೊಂಡಳು.

ಸೊರ್‍ರ್. ಸೊರ್‍ರ್. ಆಮೇಲೆ ಒಣ ಸದ್ದು. ಜೇಡಿಮಣ್ಣಿಗೆ ಸೊಂಡಿಲು ತಾಗುವ ಸದ್ದು.

ಒಗಟು ಬಿಡಿಸಿದಂತಾಯಿತು. ನಗು ಬಂದರೆ ನಗಿ. ಅಲ್ಲಿ ಯಾರೂ ನಗಲಿಲ್ಲ.

"ಇದೇನಿದು? ಕೆರೆ ಎಲ್ಲಿ ಹೋಯಿತು?" ಅಂದ ಆನೆರಾಯ.

"ಬಿಸಿಲು ದೊರೆ! ಈ ಊರ ಬಿಸಿಲೇ ಹಾಗೆ," ಅಂದ ಪುನುಗಪ್ಪ. "ನೋಡುತ್ತಿದ್ದ ಹಾಗೇ ಆವಿಯಾಗಿಬಿಡುತ್ತದೆ."

ಆಗ ಚಿಪ್ಪಕ್ಕನ ಬಾಲದಿಂದ ಮರಿ ಉದುರಿತು. ಒಣಗಿದ ಕಾಯಿ ಉದುರಿದ ಹಾಗೆ, ಸದ್ದೇ ಇಲ್ಲದೆ. ಚಿಪ್ಪಕ್ಕ ಪದ್ಧತಿ ಮರೆತು ತಿರುಗಿದಳು.

"ದೊರೆ, ನೀವು ಕುಡಿದದ್ದು ಇವಳ ನೀರು."

ಆನೆರಾಯನ ಕಿವಿ ಬೀಸುವುದು ನಿಂತಿತು. "ನೂರಕ್ಕೊಂದು ಅಂಡೆ ಕಳಿಸಿದ್ದೇನಲ್ಲ! ಮೂರು ಬೇಸಿಗೆ ಕಳಿಸಿದ್ದೇನೆ!"

"ಕಳಿಸಿದ್ದು ನಿಮಗೆ ಗೊತ್ತು. ಬಂದದ್ದು ನಮಗೆ ಗೊತ್ತು. ನಡುವೆ ಆದದ್ದು ಇವರಿಗೆ ಗೊತ್ತು," ಅಂತ ಚಿಪ್ಪಕ್ಕ ಪುನುಗಪ್ಪನ ಕಡೆ ಮೂಗು ತಿರುಗಿಸಿದಳು.

"ಹಾಗಾದರೆ ಮೊದಲು ಏನು ಕುಡಿಯುತ್ತಿದ್ದಿರಿ?"

"ನಮಗೆ ಒರತೆ ಇತ್ತು. ನೀವು ಮುಚ್ಚಿ ಅಂದಿರಿ."

"ನಾನು ಹಾಗೆ ಅಂದೇ ಇಲ್ಲ!"

ಎಲ್ಲರೂ ಪುನುಗಪ್ಪನನ್ನು ನೋಡಿದರು. ಅವನು ತನ್ನ ಉಗುರು ನೋಡಿಕೊಂಡ. ಆನೆರಾಯ ಘೀಳಿಟ್ಟ.

"ನಾಳೆಯೇ ಸಾವಿರ ಅಂಡೆ ಕಳಿಸುತ್ತೇನೆ! ಹೊಸ ಮುಸುವಗಳು, ಹೊಸ ನಿಯಮ..."

"ದೊರೆ," ಅಂದಳು ಚಿಪ್ಪಕ್ಕ. ಅವಳ ಧ್ವನಿ ಸಣ್ಣಗಿತ್ತು. "ನಾಳೆ ಏಳು ಗುಡ್ಡದಾಚೆ ಇದೆ. ಇವಳಿಗೆ ಈಗ ಬೇಕು. ನೀವು ಸ್ವಲ್ಪ ಪಕ್ಕಕ್ಕೆ ಸರಿಯಿರಿ. ನೀವು ನಿಂತಿರುವುದು ನಮ್ಮ ಒರತೆಯ ಮೇಲೆ."

ಆನೆರಾಯ ಬಗ್ಗಿ ತನ್ನ ಕಾಲು ನೋಡಿಕೊಂಡ. ಆಮೇಲೆ ಪಕ್ಕಕ್ಕೆ ಸರಿದ. ಚಿಪ್ಪಕ್ಕ ಸೊಪ್ಪು ಕಿತ್ತೆಸೆದು ಮರಳಿಗೆ ಉಗುರು ಹಾಕಿದಳು. ಮೊಲಗಳು ಬಂದವು. ಮರಿಮೊಲಗಳು ದೊಡ್ಡವರ ಕೈ ನೋಡುತ್ತಾ ಕೆದರಿದವು. "ನಾನೇನು ಮಾಡಲಿ?" ಅಂತ ಆನೆರಾಯ ಕೇಳಿದ. "ಮೇಲೆ ಬಂದ ಮರಳು ಮತ್ತೆ ಒಳಗೆ ಬೀಳದ ಹಾಗೆ ಹಿಡಿಯಿರಿ, ಸಾಕು," ಅಂದಳು. ಅವನು ಸೊಂಡಿಲನ್ನು ಅಡ್ಡ ಇಟ್ಟು ಹಿಡಿದುಕೊಂಡ. ಬಹಳ ಹೊತ್ತಾಯಿತು. ಮೂರು ಬೇಸಿಗೆ ಮುಚ್ಚಿದ್ದ ಒರತೆ ಕರೆದ ತಕ್ಷಣ ಬರುವುದಿಲ್ಲ. ಕೊನೆಗೆ ಮರಳಿನ ಬಣ್ಣ ಕಪ್ಪಾಯಿತು. ಒಂದು ಹನಿ ಬಂತು. ಅದನ್ನು ನಾಲಗೆಯ ತುದಿಯಲ್ಲಿ ತಂದು ಚಿಪ್ಪಕ್ಕ ಮರಿಯ ಬಾಯಿಗೆ ಬಿಟ್ಟಳು. ಇನ್ನೊಂದು. ಮತ್ತೊಂದು. ಮರಿ ಅವಳ ಬಾಲ ಹಿಡಿದುಕೊಂಡಿತು. ಬಿಗಿಯಾಗಿ.

ಪುನುಗಪ್ಪನನ್ನು ಆನೆರಾಯ ವಾಪಸು ಕರೆದುಕೊಂಡು ಹೋಗಲಿಲ್ಲ. ಮೂರು ಬೇಸಿಗೆ ಅವನು ಮರಳು ಹೊರಬೇಕು, ಎಲ್ಲರೂ ಕುಡಿದ ಮೇಲೆ ಕುಡಿಯಬೇಕು ಅಂತ ಅಪ್ಪಣೆಯಾಯಿತು. ಎಂಟೇ ದಿನದಲ್ಲಿ ಅವನಿಗೂ ಎಲ್ಲರ ಹಾಗೆ ಬೆವರಿನ ವಾಸನೆ ಬಂತು.

ಈಗ ನಿಜ ಹೇಳಿಬಿಡುತ್ತೇನೆ. "ಪಕ್ಕಕ್ಕೆ ಸರಿಯಿರಿ" ಅಂತ ಚಿಪ್ಪಕ್ಕ ಹೇಳಿದಳಲ್ಲ, ಕಥೆ ಇದ್ದದ್ದು ಅಲ್ಲಿಯವರೆಗೆ ಮಾತ್ರ. ಆಮೇಲೆ ಆನೆರಾಯ ಏನು ಮಾಡಿದ ಅಂತ ಯಾರಿಗೂ ಗೊತ್ತಿಲ್ಲ. ಅವನು ಸರಿದದ್ದು, ಹನಿ ಬಂದದ್ದು, ಪುನುಗಪ್ಪ ಮರಳು ಹೊತ್ತದ್ದು, ಎಲ್ಲಾ ನಾನು ಕಟ್ಟಿದ್ದು. ಏನು ಮಾಡಲಿ? ಮರಿಗೆ ಬಾಯಾರಿತ್ತು. ಅದಕ್ಕೇ ಆನೆಯನ್ನು ನಾನೇ ಸರಿಸಿಬಿಟ್ಟೆ.

ನೀತಿ: ಇದ್ದ ಒರತೆಯನ್ನು ಮುಚ್ಚಿಸಿ ಕೊಡುವ ನೀರು ನೆರವಲ್ಲ, ಕೊಡುವ ಮೊದಲು ಪಡೆಯುವವರನ್ನು ಕೇಳಬೇಕು.