ತೋಳದ ಪಾಲು

"ಗುರುಗಳೇ, ಪ್ರಕೃತಿಯ ಜೊತೆ ನಮ್ಮ ನಂಟು ಗಟ್ಟಿಯಾಗಬೇಕಾದರೆ ಏನು ಮಾಡಬೇಕು?" ಎಂದು ಶಿಷ್ಯನೊಬ್ಬ ಕೇಳಿದ. "ಗಿಡ ನೆಟ್ಟೆ. ಹಕ್ಕಿಗಳಿಗೆ ಕಾಳು ಹಾಕಿದೆ. ಇರುವೆಗಳಿಗೆ ಸಕ್ಕರೆ ಇಟ್ಟೆ. ಆದರೂ ಅವೆಲ್ಲ ನನ್ನವು ಅನ್ನಿಸುತ್ತಿಲ್ಲ."

"ಅಬ್ಬಬ್ಬಾ, ಎಷ್ಟೊಂದು ಉಪಕಾರ ಮಾಡಿಬಿಟ್ಟೆಯಪ್ಪ!" ಎಂದು ಗುರುಗಳು ನಕ್ಕರು. "ಕೂತುಕೋ. ಒಬ್ಬ ಕುರಿಗಾಹಿಯ ಕತೆ ಹೇಳುತ್ತೇನೆ."

ಬಯಲುಸೀಮೆಯಲ್ಲಿ ಒಬ್ಬ ಕುರಿಗಾಹಿಯಿದ್ದ. ಕುರಿಗಳು ಮರಿ ಹಾಕುವ ಕಾಲಕ್ಕೆ ಒಬ್ಬ ರೈತ ಅವನನ್ನು ಕರೆದು, ಹೊಲಕ್ಕೆ ಗೊಬ್ಬರವಾಗಲಿ ಎಂದು ತನ್ನ ಹೊಲದಲ್ಲೇ ಮಂದೆಯನ್ನು ನಿಲ್ಲಿಸಿಕೊಂಡ. ಎಳೆಯ ಮರಿಗಳಿಗೆಂದು ಕುರಿಗಾಹಿಯೂ ಅವನ ಹೆಂಡತಿಯೂ ಸುತ್ತ ಬಲೆ ಬಿಗಿದು ಬೇರೆ ದೊಡ್ಡಿ ಮಾಡಿದರು. ಆ ಮರಿಗಳು ಉಳಿದರೆ ಅವರಿಗೆ ವರ್ಷದ ಬದುಕು. ಹೋದರೆ ಗಂಜಿಗೂ ಗತಿಯಿಲ್ಲ.

ಹೊಲದಾಚೆಯ ಹಳ್ಳದ ದಂಡೆಯಲ್ಲಿ ಒಂದು ಹೆಣ್ಣು ತೋಳ ಬಿಲ ತೋಡಿ ಮರಿ ಹಾಕಿತ್ತು. ಕುರಿಗಾಹಿಗೆ ಅದು ಗೊತ್ತಿತ್ತು, ಸುಮ್ಮನಿದ್ದ. ಅವನ ಹಿರಿಯರ ಕಟ್ಟಳೆಯೇ ಹಾಗೆ. ಕುರಿಮರಿ ಕಾಣೆಯಾದರೆ, ತೋಳ ತನ್ನ ಪಾಲು ಒಯ್ದಿತು ಎಂದು ಕೈಮುಗಿಯಬೇಕು. ಹೆಜ್ಜೆ ಹುಡುಕಬಾರದು, ಬಯ್ಯಬಾರದು, ದೊಡ್ಡಿಯ ಸುತ್ತ ತಡಕಾಡಬಾರದು. ಪಾಲು ಕೊಟ್ಟ ಮೇಲೆ ವಿಚಾರಣೆ ಮಾಡುವುದು ಮರ್ಯಾದೆಯಲ್ಲ.

ಒಂದು ಬೆಳಿಗ್ಗೆ ಒಂದು ಮರಿ ಇರಲಿಲ್ಲ. ಅವನು ಕೈಮುಗಿದ. ಕೆಲವು ದಿನಗಳಲ್ಲಿ ಇನ್ನೊಂದು ಹೋಯಿತು. ಆಗಲೂ ಕೈಮುಗಿದ, ಆದರೆ ಮನಸ್ಸು ಅಲ್ಲಿರಲಿಲ್ಲ. ಮತ್ತೊಂದು ಹೋದಾಗ ಕೈಗಳು ಮೇಲೇಳಲೇ ಇಲ್ಲ.

ಅಲ್ಲಿಂದ ಅವನ ತಲೆಯೊಳಗೆ ಹುಳು ಹೊಕ್ಕಿತು. ತೋಳ ಹಳ್ಳಕ್ಕೆ ನೀರು ಕುಡಿಯಲು ಬಂದರೆ, ದೊಡ್ಡಿಯನ್ನೇ ನೋಡುತ್ತಿದೆ ಅನ್ನಿಸಿತು. ದಿಬ್ಬದ ಮೇಲೆ ಕೂತರೆ, ಹೊಂಚು ಹಾಕುತ್ತಿದೆ ಎಂದುಕೊಂಡ. ಕಾಣದಿದ್ದರಂತೂ ಅನುಮಾನ ಇನ್ನೂ ಹೆಚ್ಚಾಯಿತು. ಬಲೆಯನ್ನು ಸಡಿಲ ಬಿಟ್ಟೆಯಾ ಎಂದು ಹೆಂಡತಿಯ ಮೇಲೂ ಹರಿಹಾಯ್ದ. ಊಟ ಸೇರದಾಯಿತು.

ರೈತ ಅವನ ಪಕ್ಕದಲ್ಲಿ ಬಂದು ನಿಂತು ಹೇಳಿದ: "ನಿನ್ನ ಹಿರಿಯರ ಕಾಲದ ತೋಳಗಳೇ ಬೇರೆ, ತಮ್ಮಾ. ಇದು ಪಾಲು ತಿನ್ನುತ್ತಿಲ್ಲ. ನಿನ್ನನ್ನೇ ತಿನ್ನುತ್ತಿದೆ. ಬಿಲ ಎಲ್ಲಿದೆ ಅಂತ ನಿನಗೆ ಗೊತ್ತಲ್ಲ?"

ಹೌದು, ಗೊತ್ತಿತ್ತು. ತಾಯಿತೋಳ ಬೇಟೆಗೆ ಹೋದದ್ದನ್ನು ನೋಡಿಕೊಂಡು ಕುರಿಗಾಹಿ ಹಳ್ಳಕ್ಕೆ ಇಳಿದ. ಬಿಲದ ಬಾಯಿಗೆ ಒಂದೊಂದೇ ಕಲ್ಲು ಉರುಳಿಸಿದ. ಒಳಗಿನಿಂದ ಸಣ್ಣಗೆ ಕುಂಯ್‌ಗುಟ್ಟುವುದು ಕೇಳಿತು. ಹೆಂಡತಿ ಹಿಂದಿನಿಂದ ಓಡಿಬಂದು ಅವನ ತೋಳು ಹಿಡಿದಳು.

"ಅಯ್ಯೋ, ಬಾಣಂತಿಯ ಮನೆಬಾಗಿಲಿಗೆ ಕಲ್ಲು ಹೇರುತ್ತೀರಾ? ಒಳಗೆ ಕೂಸುಗಳಿವೆ!"

"ನನ್ನ ಮರಿಗಳೇನು ಕೂಸುಗಳಲ್ಲವೇ?" ಎಂದು ಅವನು ಇನ್ನೂ ದೊಡ್ಡ ಕಲ್ಲೊಂದನ್ನು ಎಳೆದು ತಂದ. ಸಿಟ್ಟು ಇಳಿದಿರಲಿಲ್ಲ. ಬಿಲದ ಬಾಯಿ ಪೂರ್ತಿ ಮುಚ್ಚಿದ ಮೇಲೆಯೇ ಮನಸ್ಸಿಗೆ ಸ್ವಲ್ಪ ಹಾಯೆನಿಸಿತು.

ಮರುದಿನ ಬೆಳಿಗ್ಗೆ ಮತ್ತೊಂದು ಕುರಿಮರಿ ಇರಲಿಲ್ಲ.

ಇನ್ನೆಲ್ಲಿಯ ಪಾಲು, ಇನ್ನೆಲ್ಲಿಯ ಕಟ್ಟಳೆ! ಆ ದಿನ ಮೊದಲ ಸಲ ಅವನು ದೊಡ್ಡಿಯ ಸುತ್ತ ಬಗ್ಗಿ ನೋಡಿದ. ಉಗುರಿನ ಗುರುತಿಲ್ಲ. ಒಂದು ಹನಿ ನೆತ್ತರಿಲ್ಲ. ಬಲೆ ಎಲ್ಲಿಯೂ ಹರಿದಿಲ್ಲ. ಒಂದು ಮೂಲೆಯಲ್ಲಿ ಮಾತ್ರ ಹಗ್ಗವನ್ನು ಬಿಚ್ಚಿ, ಮತ್ತೆ ನೀಟಾಗಿ ಕಟ್ಟಲಾಗಿತ್ತು. ಆ ಗಂಟು ಅವನು ಹಾಕಿದ್ದಲ್ಲ, ಅವನ ಹೆಂಡತಿ ಹಾಕಿದ್ದೂ ಅಲ್ಲ. ತೋಳ ಗಂಟು ಬಿಚ್ಚುವುದಿಲ್ಲ, ಕಟ್ಟುವುದಂತೂ ಇಲ್ಲವೇ ಇಲ್ಲ.

ಅವನು ಕೋಲು ಬಿಸಾಡಿ ಹಳ್ಳದ ಕಡೆ ಓಡಿದ. ತಾಯಿತೋಳ ಬಿಲದ ಮುಂದಿನ ನೆಲವನ್ನೆಲ್ಲ ಕೆರೆದು ಹಾಕಿತ್ತು. ಕಲ್ಲುಗಳ ಮೇಲೆ ನೆತ್ತರು ಹತ್ತಿತ್ತು, ತಾಯಿಯ ಪಂಜದ್ದು. ಅದು ಅಲ್ಲೇ ಎದುರು ದಂಡೆಯಲ್ಲಿ ನಿಂತಿತ್ತು. ಅವನನ್ನು ಕಂಡರೂ ಓಡಲಿಲ್ಲ. ಕುರಿಗಾಹಿ ಮಂಡಿಯೂರಿ, ತಪ್ಪಾಯಿತು ತಾಯೀ, ತಪ್ಪಾಯಿತು ಎನ್ನುತ್ತ ಕಲ್ಲುಗಳನ್ನು ಕೀಳತೊಡಗಿದ. ಒಳಗಿನಿಂದ ಈಗ ಏನೂ ಕೇಳುತ್ತಿರಲಿಲ್ಲ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಶಿಷ್ಯ ಮುಂದಕ್ಕೆ ಸರಿದು ಕೂತ.

"ಕಳ್ಳ ಯಾರು ಗುರುಗಳೇ? ಆ ರೈತನೇ ತಾನೆ? ನನಗೆ ಆಗಲೇ ಅನುಮಾನ ಬಂದಿತ್ತು!"

ಗುರುಗಳು ಹೇಳಿದರು:

"ಬಿಲದೊಳಗಿನ ಮರಿಗಳು ಬದುಕಿದ್ದವೇ ಎಂದು ನೀನು ಕೇಳಲಿಲ್ಲ."