ಹೂ ಮುಚ್ಚಿದ ಚಕ್ರ

“ನಾನು ಅಂಗಡಿ ತೆರೆಯುತ್ತೇನೆ ಎಂದಾಗ, ‘ರೊಟ್ಟಿ ತಟ್ಟುವವಳಿಗೆ ವ್ಯಾಪಾರ ಎಲ್ಲಿ ಬರಬೇಕು’ ಎಂದು ನನ್ನ ಸೋದರಮಾವ ನಕ್ಕಿದ್ದರು. ಇಂದು ಅಂಗಡಿ ನನ್ನದು. ಕಂಡವರ ಮನೆಯಲ್ಲಿ ರೊಟ್ಟಿ ತಟ್ಟಿದ ದಿನಗಳನ್ನು ಯಾರಿಗೂ ಹೇಳದೆ ಮರೆತುಬಿಡಲೇ, ಗುರುಗಳೇ?” ಎಂದು ಶಿಷ್ಯೆ ಕೇಳಿದಳು.

ಗುರುಗಳು ಒಂದು ಕತೆ ಹೇಳಿದರು.

ಹೂ ಕಟ್ಟಿ ಮಾರುತ್ತಿದ್ದ ಒಬ್ಬ ಹೆಂಗಸು ತಾನಾಗಿ ಓದು ಕಲಿತಳು, ಲಾರಿ ಕೊಂಡಳು, ಸ್ಥಿತಿವಂತೆಯಾದಳು. ಬೇರೆ ಊರಿಗೆ ಬಂದು ನೆಲೆಸಿದ ಮೇಲೆ ಹೂವಿನ ಮಾತನ್ನೇ ಎತ್ತಲಿಲ್ಲ. ಅಲ್ಲಿ ಒಂದು ಹಳೆಯ ಕಾರನ್ನು ಕೊಂಡು, ಅದು ಮೊದಲು ಹೇಗಿತ್ತೋ ಹಾಗೆಯೇ ಮಾಡಿಸುವ ಹಟ ತೊಟ್ಟಳು. ಚಕ್ರದ ವಿಷಯ ಮಾತ್ರ ಬಗೆಹರಿಯಲಿಲ್ಲ. ಆ ವರ್ಷ ಆ ಕಾರಿಗೆ ಎರಡು ಬಗೆಯ ಚಕ್ರಗಳಿದ್ದವು ಎಂದು ಹಳೆಯ ಪುಸ್ತಕಗಳಲ್ಲಿತ್ತು: ಹೊಳೆಯುವ ತಂತಿ ಕಡ್ಡಿಗಳದ್ದು ಒಂದು, ಎಲ್ಲೂ ಸಂದಿಲ್ಲದ ತಗಡಿನದು ಇನ್ನೊಂದು. ಈ ಕಾರಿಗೆ ಯಾವುದಿತ್ತೆಂದು ಯಾವ ಪುಸ್ತಕವೂ ಹೇಳಲಿಲ್ಲ. ಅವಳ ಕಣ್ಣಿಗೆ ಕಡ್ಡಿಯ ಚಕ್ರ ಚೆಂದ ಕಂಡಿತು. ಅದನ್ನೇ ತರಿಸಿ ಹಾಕಿಸಿದಳು.

ಹಳೆಯ ಕಾರುಗಳ ಸ್ಪರ್ಧೆ ನಡೆಯಿತು. ಎಲ್ಲವೂ ಮೂಲದಂತಿರುವ ಕಾರಿಗೆ ಬಹುಮಾನ. ಅವಳ ಕಾರೇ ಮುಂದಿತ್ತು. ಆಗ ಕಾರಿನ ಮೊದಲ ಒಡೆಯನ ಮೊಮ್ಮಗ ಒಂದು ಫೋಟೊ ತಂದ. ಮದುವೆಗೆ ಸಿಂಗರಿಸಿ ನಿಲ್ಲಿಸಿದ್ದ ಅದೇ ಕಾರು. ಚಕ್ರಗಳು ಹೂವಿನಲ್ಲಿ ಮುಚ್ಚಿಹೋಗಿದ್ದವು.

“ಇದರಲ್ಲಿ ಹೂವು ಬಿಟ್ಟು ಏನೂ ಕಾಣುವುದಿಲ್ಲ,” ಎಂದ ತೀರ್ಪುಗಾರ. “ನೀವು ಹಾಕಿಸಿದ್ದೇ ಸರಿ ಅಂತ ಬರೆದುಕೊಳ್ಳುತ್ತೇನೆ ಬಿಡಿ, ಅಮ್ಮ.”

ಅವಳು ಫೋಟೊ ನೋಡಿದಳು. ಮಾಲೆಗಳನ್ನು ಟೈರಿನ ಮೇಲಿಂದ ಸುತ್ತಿ ಕಟ್ಟಿದ್ದರು. ಸುಮ್ಮನಿದ್ದರೆ ಬಹುಮಾನ ಅವಳದು.

“ಬರೆಯಬೇಡಿ,” ಎಂದಳು. “ಫೋಟೊದಲ್ಲಿರುವುದು ತಗಡಿನ ಚಕ್ರ. ಕಡ್ಡಿ ಇದ್ದಿದ್ದರೆ ಮಾಲೆಯನ್ನು ಕಡ್ಡಿಗೇ ಕಟ್ಟುತ್ತಿದ್ದರು. ಟೈರಿಗೆ ಸುತ್ತಿದರೆ ಕಾರು ಹೊರಟ ಕೂಡಲೇ ಹೂವೆಲ್ಲ ನೆಲಕ್ಕೆ ಸಿಕ್ಕಿ ಅರೆದುಹೋಗುತ್ತದೆ. ಕಟ್ಟಲು ಬೇರೆ ಜಾಗವಿಲ್ಲದೆ ಹೀಗೆ ಮಾಡಿದ್ದಾರೆ.”

“ಅಷ್ಟು ಖಚಿತವಾಗಿ ಹೇಳುತ್ತೀರಲ್ಲ, ನೀವೇನು ಹೂವಾಡಗಿತ್ತಿಯೇ?” ಎಂದ ತೀರ್ಪುಗಾರ.

ಸುತ್ತಲಿದ್ದವರು ನಕ್ಕರು.

“ಹೌದು,” ಎಂದಳು. “ಬಸ್ ಸ್ಟ್ಯಾಂಡಿನಲ್ಲಿ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದೆ. ಮದುವೆ ಕಾರುಗಳಿಗೂ ಕಟ್ಟಿದ್ದೇನೆ.” ಆಮೇಲೆ ಫೋಟೊವನ್ನು ತಂದವನ ಕೈಗಿಟ್ಟು, “ನಿಮ್ಮಿಂದ ದೊಡ್ಡ ಉಪಕಾರವಾಯಿತಪ್ಪ” ಎಂದಳು.

ಬಹುಮಾನ ಬೇರೆಯವರಿಗೆ ಹೋಯಿತು. ಅವಳು ಕಡ್ಡಿಯ ಚಕ್ರಗಳನ್ನು ಮಾರಿ, ಗುಜರಿಯಲ್ಲಿ ಹುಡುಕಿ ತಗಡಿನ ಚಕ್ರಗಳನ್ನು ತಂದಳು. ಆಯುಧಪೂಜೆಯ ದಿನ ಎಲ್ಲರೂ ಓಡಾಡುವ ಬೀದಿಯಲ್ಲೇ ಕೂತು ತಾನೇ ಹೂ ಕಟ್ಟಿದಳು. ಕಾರಿಗೆ ಮಾಲೆ ಹಾಕುವ ಮೊದಲು ಹೂಬುಟ್ಟಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

“ಬಹುಮಾನವೂ ಹೋಯಿತು, ಗುಟ್ಟೂ ಹೋಯಿತು. ಅವಳಿಗೆ ಉಳಿದದ್ದೇನು?” ಎಂದಳು ಶಿಷ್ಯೆ.

ಶಿಷ್ಯೆಯ ಬೆರಳುಗಳ ಮೇಲೆ ರೊಟ್ಟಿಯ ಹಂಚು ಸುಟ್ಟ ಗುರುತುಗಳಿದ್ದವು. ಗುರುಗಳು ಅವನ್ನೇ ನೋಡುತ್ತ ಹೇಳಿದರು:

“ಈಗ ಅವಳ ಬಳಿ ಎಲ್ಲವೂ ಮೂಲದಂತಿರುವ ಒಂದು ಕಾರಿದೆ, ಅದಕ್ಕೆ ಬೆಲೆಯಾಗಿ ಅವಳು ಕೊಟ್ಟದ್ದು ತನ್ನ ನಾಚಿಕೆಯನ್ನು.”